ಸರ್ಕಾರಿ ವಸತಿ ಕಲಾ ಹೈಸ್ಕೂಲಿಗೆ ಎಂಥ ಮಂಡಳಿ ಬೇಕು, ಎಂಥ ಸಿಬ್ಬಂದಿ ಬೇಕು?

ನೀವು ಕೇಳಿದ್ದು ಇದು: ರಾಜ್ಯ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಮಕ್ಕಳು ಅಲ್ಲೇ ಉಳಿದು ಸಂಗೀತ, ನೃತ್ಯ, ನಾಟಕ, ಚಿತ್ರಕಲೆ ಕಲಿಯುವ ಹೈಸ್ಕೂಲಿಗೆ ಆಡಳಿತ ಮಂಡಳಿ ಹೇಗಿರಬೇಕು, ಸಿಬ್ಬಂದಿಯನ್ನು ಹೇಗೆ ಆರಿಸಬೇಕು, ಮಂಡಳಿಯಲ್ಲಿ ವಿದ್ಯಾರ್ಥಿಗೂ ಜಾಗ ಇರಬೇಕಾ? ಅಮೆರಿಕದ ಇಂಥ ಒಂದು ಶಾಲೆಯಲ್ಲಿ ನಾನು ಸಂಗೀತ ವಿಭಾಗದ ಆಡಳಿತ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಅಲ್ಲಿನದನ್ನೇ ಇಟ್ಟುಕೊಂಡು ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮಂಡಳಿ ಆಡಿಷನ್ (ಸೇರುವ ಮಕ್ಕಳ ಕಲೆಯನ್ನು ನೋಡಿ ಆರಿಸುವ ಪರೀಕ್ಷೆ) ಕೋಣೆಯಿಂದ ದೂರ ಇರಬೇಕು, ಹಾಸ್ಟೆಲಿಗೆ ಹತ್ತಿರ ಇರಬೇಕು. ಜಾಸ್ತಿ ಕಡೆ ಆಗುವುದು ಇದರ ಉಲ್ಟಾ.

ಶಾಲೆ ಯಾರ ಕೈಕೆಳಗೆ ಇರಬೇಕು ಅನ್ನುವುದಕ್ಕೆ ಅಲ್ಲಿ ಮೂರು ದಾರಿಗಳಿವೆ. ಒಂದು, ವಿಶ್ವವಿದ್ಯಾಲಯದ ಜೊತೆ. ಉತ್ತರ ಕ್ಯಾರೊಲೈನಾದಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ಚುನಾಯಿತರು) ಟೆರಿ ಸ್ಯಾನ್‌ಫೋರ್ಡ್ ಕಾಲದಲ್ಲಿ, 1963ರಲ್ಲಿ ಶಾಸನಸಭೆ ಒಂದು ಕಲಾ ಶಾಲೆಗೆ ಒಪ್ಪಿಗೆ ಕೊಟ್ಟಿತು. ಕಾಲ್ಬೆರಳ ಮೇಲೆ ಕುಣಿಯುವವರಿಗೆ ಸರ್ಕಾರದ ದುಡ್ಡಾ ಅಂತ ವಿರೋಧಿಗಳು ಗೇಲಿ ಮಾಡಿದ್ದರಂತೆ. ಶಾಲೆ 1965ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಶುರುವಾಯಿತು, 1972ರಲ್ಲಿ ರಾಜ್ಯದ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿತು. ಅಲ್ಲಿ ಹೈಸ್ಕೂಲು, ಕಾಲೇಜು ಒಂದೇ ಆವರಣದಲ್ಲಿವೆ. ಎರಡು, ರಾಜ್ಯದ ಶಿಕ್ಷಣ ಮಂಡಳಿಯ ಕೆಳಗೆ. ಮಿಸಿಸಿಪ್ಪಿಯ ಬ್ರೂಕ್‌ಹೇವನ್‌ನಲ್ಲಿ 2003ರಲ್ಲಿ ತೆರೆದ ಶಾಲೆ ಹೀಗಿದೆ. ಮೂರು, ಶಾಲೆಗೇ ಒಂದು ಸ್ವಂತ ಮಂಡಳಿ. ಮಿನೆಸೋಟದಲ್ಲಿ 1985ರಲ್ಲಿ ಶಾಸನಸಭೆ ಹುಟ್ಟುಹಾಕಿ, 1989ರಲ್ಲಿ ಗೋಲ್ಡನ್ ವ್ಯಾಲಿಯಲ್ಲಿ ತರಗತಿ ಶುರುಮಾಡಿದ ಶಾಲೆಗೆ, ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ 1999ರಲ್ಲಿ ವಸತಿ ಶಾಲೆಯಾದದ್ದಕ್ಕೆ ಇಂಥ ಸ್ವಂತ ಮಂಡಳಿಗಳಿವೆ.

ವಿಶ್ವವಿದ್ಯಾಲಯದ ಕೆಳಗಿದ್ದರೆ ವಕೀಲರು, ಲೆಕ್ಕಪತ್ರದವರು, ಆರೋಗ್ಯ ಕೇಂದ್ರ, ಲೈಬ್ರರಿ ಎಲ್ಲ ತಾನಾಗಿ ಸಿಗುತ್ತವೆ. ಕಷ್ಟ ಏನೆಂದರೆ ನಿಯಮಗಳೆಲ್ಲ ಹದಿನೆಂಟು ದಾಟಿದವರಿಗಾಗಿ ಬರೆದವು. ಹದಿನೈದರ ಹುಡುಗಿಗೂ ಅದನ್ನೇ ಹಚ್ಚುವ ಅಭ್ಯಾಸ ಮೆಲ್ಲಗೆ ಬಂದುಬಿಡುತ್ತದೆ. ಶಿಕ್ಷಣ ಮಂಡಳಿಯ ಕೆಳಗಿದ್ದರೆ ರಾಜ್ಯದ ಸಾವಿರ ಶಾಲೆಗಳ ನಡುವೆ ಇದೊಂದು ವಿಚಿತ್ರ ಶಾಲೆ, ಯಾರ ಗಮನಕ್ಕೂ ಬರುವುದಿಲ್ಲ. ಸ್ವಂತ ಮಂಡಳಿ ನನಗೆ ಇಷ್ಟ. ಆದರೆ ಮಂಡಳಿ ಸುಮ್ನೆ ಕೂತರೆ ಕೇಳುವವರೇ ಇಲ್ಲ. ಮಿನೆಸೋಟದ್ದನ್ನೇ ನೋಡಿ. 2014ರಲ್ಲಿ ಅವರ ಮಡಿಲಿಗೆ ವುಡ್‌ಬರಿಯ ಇನ್ನೊಂದು ಶಾಲೆಯೂ ಬಂತು. 2017ರಲ್ಲಿ ಶಾಸನಸಭೆಯ ಆಡಿಟರ್ ವರದಿ ಕೊಟ್ಟಾಗ ಮುಖ್ಯ ದೂರು ಇದ್ದದ್ದು ಮಂಡಳಿಯ ಉಸ್ತುವಾರಿಯ ಮೇಲೆ. ಎರಡನೇ ಶಾಲೆ ಅದೇ ವರ್ಷ ಮುಚ್ಚಿತು. ಕಲೆಯ ಗುಣಮಟ್ಟ ಚೆನ್ನಾಗಿದ್ದ ಮಾತ್ರಕ್ಕೆ ಆಡಳಿತ ಚೆನ್ನಾಗಿದೆ ಅಂತ ಅಂದುಕೊಳ್ಳಲು ಆಗುವುದಿಲ್ಲ, ಅಲ್ವಾ?

ಮಂಡಳಿಯಲ್ಲಿ ಯಾರಿರಬೇಕು? ಮಿನೆಸೋಟದ ಕಾನೂನಿನಲ್ಲಿ ಹದಿನೈದು ಜನರನ್ನು ಗವರ್ನರ್ ನೇಮಿಸುತ್ತಾರೆ, ರಾಜ್ಯದ ಸೆನೆಟ್ (ಶಾಸನಸಭೆಯ ಮೇಲ್ಮನೆ) ಒಪ್ಪಬೇಕು, ಪ್ರತಿ ಸಂಸತ್ ಕ್ಷೇತ್ರದಿಂದ ಒಬ್ಬರಾದರೂ ಇರಬೇಕು. ಈ ಕೊನೆಯ ನಿಯಮ ಜಾಣತನದ್ದು. ಶಾಲೆ ಇರುವುದು ಒಂದು ಊರಲ್ಲಿ, ದುಡ್ಡು ಕೊಡುವುದು ಇಡೀ ರಾಜ್ಯ. ದೂರದ ಜಿಲ್ಲೆಯವರಿಗೆ ಇದು ತಮ್ಮದೂ ಶಾಲೆ ಅನ್ನಿಸದಿದ್ದರೆ ಬಜೆಟ್ ಕಡಿತದ ವರ್ಷದಲ್ಲಿ ಯಾರೂ ಪರವಾಗಿ ಮಾತಾಡುವುದಿಲ್ಲ. ಅಲ್ಲಿನ ಮಾಮೂಲಿ ಶಾಲೆಗಳಿಗೆ ಸ್ಥಳೀಯ ಆಸ್ತಿ ತೆರಿಗೆಯ ಆಸರೆ ಇರುತ್ತದೆ, ಇದಕ್ಕೆ ಅದೂ ಇಲ್ಲ. ರಾಜ್ಯದ ಬಜೆಟ್ಟಿನಲ್ಲಿ ಇರುವುದು ಒಂದೇ ಸಾಲು. ಅದರ ಜೊತೆಗೆ ಊರಿನ ಹೈಸ್ಕೂಲುಗಳ ಹೊಟ್ಟೆಯುರಿ ಬೇರೆ. ಅವರ ಬ್ಯಾಂಡಿನ ಒಳ್ಳೆಯ ಕ್ಲಾರಿನೆಟ್ ಹುಡುಗನನ್ನೂ, ಅವನ ಹೆಸರಿನಲ್ಲಿ ಬರುತ್ತಿದ್ದ ಅನುದಾನವನ್ನೂ ನಾವು ಒಯ್ದುಬಿಡುತ್ತೇವೆ.

ಕಲಾವಿದರು ಮಂಡಳಿಯಲ್ಲಿ ಇರಲಿ, ಆದರೆ ತುಂಬಿಕೊಳ್ಳುವುದು ಬೇಡ. ಉತ್ತರ ಕ್ಯಾರೊಲೈನಾದ ಕಾನೂನು ರಾಜ್ಯದ ಸಿಂಫನಿ ವಾದ್ಯವೃಂದವನ್ನು ನಡೆಸುವ ಕಂಡಕ್ಟರಿಗೆ ಟ್ರಸ್ಟಿಗಳ (ಮಂಡಳಿಯ ಸದಸ್ಯರ) ನಡುವೆ ಕುರ್ಚಿ ಕೊಟ್ಟಿತು, ಓಟು ಕೊಡಲಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ಓಟು ಇರುವ ಕುರ್ಚಿಗಳಲ್ಲಿ ಲೆಕ್ಕ ಬಲ್ಲವರು ಒಬ್ಬರು, ಮಕ್ಕಳ ಕಾನೂನು ಬಲ್ಲವರು ಒಬ್ಬರು, ಎಲ್ಲಕ್ಕಿಂತ ಮುಖ್ಯವಾಗಿ ವಸತಿ ಶಾಲೆ ನಡೆಸಿ ಗೊತ್ತಿರುವವರು ಒಬ್ಬರು ಇರಬೇಕು. ಈ ಮೂರನೆಯವರನ್ನು ಹುಡುಕುವವರು ಕಡಿಮೆ. ಈಗ ಓದುತ್ತಿರುವ ಮಕ್ಕಳ ತಂದೆತಾಯಿ ಬೇಡವೇ ಬೇಡ.

ಇನ್ನು ಆಡಿಷನ್. ಮಂಡಳಿ ನೀತಿ ಬರೆಯಲಿ: ಎಷ್ಟು ಸೀಟು, ಯಾವ ವಿಭಾಗಕ್ಕೆ, ಖಾಸಗಿ ಪಾಠ ಸಿಗದ ಹಳ್ಳಿಯ ಮಗುವನ್ನು ಹೇಗೆ ಅಳೆಯುವುದು. ಒಂದೊಂದು ಹೆಸರು ಅವರ ಮುಂದೆ ಬರಬಾರದು. ಶಾಸಕರ ಕಚೇರಿಯಿಂದ ಫೋನ್ ಬರುತ್ತದೆ, ನಮಗೂ ಬರುತ್ತಿತ್ತು. "ನಮ್ಮ ಕ್ಷೇತ್ರದ ಹುಡುಗಿ, ತುಂಬಾ ಚೆನ್ನಾಗಿ ಹಾಡುತ್ತಾಳೆ." ಎಲ್ಲರಿಗೂ ಒಂದೇ ಲಿಖಿತ ಉತ್ತರ, ಅದಕ್ಕೆ ಮುಖ್ಯಸ್ಥರ ಸಹಿ. ಆಡಿಷನ್ ಕೇಳುವ ಶಿಕ್ಷಕರಿಗೂ ಒಂದು ಬೇಲಿ ಬೇಕು: ದುಡ್ಡು ತಗೊಂಡು ಮನೆಪಾಠ ಹೇಳಿದ ಮಗು ಒಳಗೆ ಬಂದಾಗ ಆ ಶಿಕ್ಷಕರು ಎದ್ದು ಹೊರಗೆ ಹೋಗಬೇಕು.

ಈಗ ಸಿಬ್ಬಂದಿ. ಮೊದಲ ಜಗಳ ಲೈಸೆನ್ಸಿನದು. ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಲು ರಾಜ್ಯದ ಶಿಕ್ಷಕ ಲೈಸೆನ್ಸ್ ಬೇಕು. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರ ಬಳಿ ಅದು ಇರುವುದಿಲ್ಲ. ಅದಕ್ಕೆ ಶಾಲೆ ಹುಟ್ಟಿಸುವ ಕಾನೂನಿನಲ್ಲೇ ಕಲಾ ಶಿಕ್ಷಕರಿಗೆ ವಿನಾಯಿತಿ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ. ವೇದಿಕೆಯ ಅನುಭವವನ್ನು ಸಂಬಳದ ಶ್ರೇಣಿಯಲ್ಲಿ ಹೇಗೆ ಎಣಿಸುತ್ತೀರಿ ಅನ್ನುವುದೂ ನೇಮಕಕ್ಕೆ ಮುಂಚೆ ಕಾಗದದ ಮೇಲಿರಲಿ, ಇಲ್ಲದಿದ್ದರೆ ಪ್ರತಿ ನೇಮಕವೂ ಚೌಕಾಸಿಯಾಗುತ್ತದೆ. ಸಂಗೀತ ಕಛೇರಿಗೆ, ಪ್ರವಾಸಕ್ಕೆ ರಜೆ ಕೊಡಲೇಬೇಕು. ನುಡಿಸುವುದನ್ನು ಬಿಟ್ಟ ಕಲಾವಿದರನ್ನು ಇಟ್ಟುಕೊಂಡು ಏನು ಮಾಡುತ್ತೀರಿ?

ಸಂದರ್ಶನದಲ್ಲಿ ಡೆಮೊ ಪಾಠಕ್ಕೆ ಎಲ್ಲ ಶಾಲೆಗಳೂ ತಮ್ಮ ಅತ್ಯುತ್ತಮ ವಿದ್ಯಾರ್ಥಿಯನ್ನು ಕಳಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ತಡವರಿಸುವ, ಎದುರು ಮಾತಾಡುವ ಮಗುವನ್ನು ಕಳಿಸಿ. ಹತ್ತು ನಿಮಿಷ ಸಾಕು.

ಬಜೆಟ್ಟಿನಲ್ಲಿ ಯಾವಾಗಲೂ ಮರೆತುಹೋಗುವ ಹುದ್ದೆ ಪಿಯಾನೋ ಜೊತೆಗಾರರದು. ಬ್ಯಾಲೆ ತರಗತಿಗೆ, ಹಾಡುಗಾರರ ಪಾಠಕ್ಕೆ, ಪ್ರತಿ ವಾದ್ಯದ ಪರೀಕ್ಷೆಗೆ ಅವರು ಬೇಕು. ವಾದ್ಯಗಳಲ್ಲಿ ಓಬೊ, ಬಸೂನ್, ಹಾರ್ಪ್‌ಗೆ ಮಾತ್ರ ವಾರಕ್ಕೆ ಇಷ್ಟು ಗಂಟೆ ಅಂತ ಹೊರಗಿನ ಶಿಕ್ಷಕರನ್ನು ತಗೊಂಡರೆ ಸಾಕು. ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಗೋಳು ಬೇರೆ. ನಾಟಕದ ವಾರ ಬಂದರೆ ಅವರ ತರಗತಿ ಖಾಲಿ. ಪಾಠ ವಿಭಾಗದ ಮುಖ್ಯಸ್ಥರಿಗೂ ಕಲಾ ವಿಭಾಗದವರಿಗೂ ಅಧಿಕಾರ ಸರಿಸಮ ಇಲ್ಲದಿದ್ದರೆ ಈ ಜಗಳ ಮುಗಿಯುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ರಾತ್ರಿ. ಶಿಕ್ಷಕರು ಸಂಜೆ ಮನೆಗೆ ಹೋಗುತ್ತಾರೆ. ಆಮೇಲೆ ನೂರಾರು ಹದಿಹರೆಯದ ಮಕ್ಕಳ ಜೊತೆ ಉಳಿಯುವವರು ಯಾರು? ಆಗತಾನೇ ಕಾಲೇಜು ಮುಗಿಸಿದವರು, ಇಡೀ ಶಾಲೆಯಲ್ಲೇ ಕಡಿಮೆ ಸಂಬಳದವರು, ವರ್ಷ ತುಂಬುವುದರೊಳಗೆ ಬೇರೆ ಕೆಲಸ ಹುಡುಕುವವರು. ಆದರೆ ಪಾತ್ರ ಸಿಗದೆ ಅಳುವ ಹುಡುಗ, ಊಟ ಬಿಟ್ಟು ತೂಕ ಇಳಿಸುತ್ತಿರುವ ನೃತ್ಯದ ಹುಡುಗಿ, ಕಾಲು ನೋವನ್ನು ಮುಚ್ಚಿಟ್ಟು ಅಭ್ಯಾಸಕ್ಕೆ ಹೋಗುವವರು, ಇವರೆಲ್ಲ ಮೊದಲು ಕಾಣುವುದು ವಾರ್ಡನ್ನಿಗೆ. ನಾನು ಕೆಲಸ ಮಾಡಿದ ಕಡೆ ಈ ಸುದ್ದಿ ನಮ್ಮ ವಿಭಾಗಕ್ಕೆ ತಲುಪುವ ಹೊತ್ತಿಗೆ ಪ್ರದರ್ಶನವೇ ಮುಗಿದಿರುತ್ತಿತ್ತು. ಹಾಸ್ಟೆಲಿನ ಮುಖ್ಯಸ್ಥರು ನೇರ ಶಾಲೆಯ ಮುಖ್ಯಸ್ಥರಿಗೆ ವರದಿ ಮಾಡಬೇಕು, ಕಲಾ ವಿಭಾಗಗಳ ಸಭೆಯಲ್ಲಿ ಕೂರಬೇಕು. ಮಂಡಳಿಗೆ ತಿಂಗಳಿಗೊಮ್ಮೆ ಒಂದು ಪುಟ ಹೋಗಬೇಕು: ಎಷ್ಟು ವಾರ್ಡನ್ ಹುದ್ದೆ ಖಾಲಿ, ಯಾರು ಎಷ್ಟು ಪಾಳಿ ಎರಡೆರಡು ಸಲ ಮಾಡಿದರು, ಏನೇನು ಘಟನೆ ಆಯಿತು. ಸಂಗೀತ ಕಛೇರಿಗಳ ಫೋಟೊ ಇರುವ ವರದಿ ಅವರಿಗೆ ಬೇಕಾದಷ್ಟು ಸಿಗುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಬ್ಬ ಗುರು, ಒಬ್ಬ ಶಿಷ್ಯ, ಮುಚ್ಚಿದ ಬಾಗಿಲು, ಇದನ್ನು ಈ ಶಿಕ್ಷಣದಲ್ಲಿ ತಪ್ಪಿಸಲು ಆಗುವುದಿಲ್ಲ. ಮಗು ಮನೆಯಿಂದ ದೂರ ಬೇರೆ ಇದೆ. ಉತ್ತರ ಕ್ಯಾರೊಲೈನಾದ ಶಾಲೆಯ ಹಳೆಯ ವಿದ್ಯಾರ್ಥಿಗಳು ದಶಕಗಳ ಹಿಂದಿನ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿ 2021ರಲ್ಲಿ ಮೊಕದ್ದಮೆ ಹೂಡಿದರು. 2024ರಲ್ಲಿ ಅದು 1.25 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಪಾಠದ ಕೋಣೆಯ ಬಾಗಿಲಿಗೆ ಗಾಜು ಹಾಕಿಸುವುದು ಸುಲಭ. ಕಷ್ಟದ್ದು ದೂರಿನ ದಾರಿ. ಸಂಗೀತ ಕಾಲೇಜಿನ ಸೀಟಿಗೆ ಯಾರ ಶಿಫಾರಸು ಪತ್ರ ಬೇಕೋ, ಆ ಶಿಕ್ಷಕರ ಮೇಲೆಯೇ ಮಗು ದೂರು ಕೊಡಬೇಕು. ಆ ದೂರು ವಿಭಾಗದ ಮುಖ್ಯಸ್ಥರ ಮೇಜಿನ ಮೂಲಕ ಹೋಗುತ್ತದೆ ಅಂದರೆ ಯಾರೂ ಕೊಡುವುದಿಲ್ಲ. ಹಾಗಾಗಿ ದೂರು ಕಲಾ ವಿಭಾಗಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ ಹೋಗಬೇಕು. ಅವರು ಕಾನೂನಿನ ಪ್ರಕಾರ ಹೊರಗಿನ ಅಧಿಕಾರಿಗಳಿಗೂ, ಅದೇ ಹೊತ್ತಿಗೆ ಮಂಡಳಿಯ ಒಬ್ಬ ಸದಸ್ಯರಿಗೂ ತಿಳಿಸಬೇಕು. ಮುಖ್ಯಸ್ಥರಿಗೆ ಅದನ್ನು ತಡೆಹಿಡಿಯುವ ಅಧಿಕಾರ ಇರಬಾರದು.

ಹೊಸದಾಗಿ ಶುರುಮಾಡುವವರು ನೀವಾಗಿದ್ದರೆ, ನೇಮಕದ ಕ್ರಮ ಹೀಗಿರಲಿ: ಬಾಗಿಲು ತೆರೆಯುವುದಕ್ಕೆ ಒಂದು ವರ್ಷ ಮುಂಚೆ ಶಾಲೆಯ ಮುಖ್ಯಸ್ಥರು, ಅವರ ಹಿಂದೆಯೇ ಹಾಸ್ಟೆಲಿನ ಮುಖ್ಯಸ್ಥರು, ಆಮೇಲೆ ಕಲಾ ಶಿಕ್ಷಕರು. ಹೆಸರಾಂತ ಕಲಾವಿದರನ್ನು ಮೊದಲು ತಂದು ಪತ್ರಿಕೆಗೆ ಫೋಟೊ ಕೊಡುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಕೊನೆಗೆ ವಿದ್ಯಾರ್ಥಿಯ ಕುರ್ಚಿ. ಈಗ ಓದುತ್ತಿರುವ ಮಗುವನ್ನು ಮಂಡಳಿಯಲ್ಲಿ ಕೂರಿಸಿದರೆ ಅದು ಅಲಂಕಾರಕ್ಕಷ್ಟೇ, ತನ್ನ ಶಿಕ್ಷಕರ ಮುಂದೆ ಅದು ಏನನ್ನೂ ಬಿಚ್ಚಿ ಹೇಳುವುದಿಲ್ಲ. ಶಾಲೆ ಬಿಟ್ಟು ನಾಲ್ಕೈದು ವರ್ಷ ಆದವರನ್ನು ತಗೊಳ್ಳಿ. ಅವರಿಗೆ ಶಿಫಾರಸು ಪತ್ರ ಬೇಕಿಲ್ಲ, ಹಾಸ್ಟೆಲು ಇನ್ನೂ ನೆನಪಿರುತ್ತದೆ. ಅವರಿಗೆ ಓಟನ್ನೂ ಕೊಡಿ.