ಚಿಗರಿಯ ಹಾದಿಯಲ್ಲಿ ಲೈಟ್ ರೈಲು ಓಡೀತೇ?

ಪ್ರಶ್ನೆ: ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಹಾದಿಯಲ್ಲಿ ಲೈಟ್ ರೈಲು (ನಗರದೊಳಗೆ ಓಡುವ ಹಗುರ ರೈಲು) ತರುವ ಮಾತು ಕೇಳಿಬರುತ್ತಿದೆ. ಬಸ್ಸಿಗೆಂದೇ ಕಟ್ಟಿದ ಹಾದಿಯನ್ನು ರೈಲಿಗೆ ಬದಲಿಸಿದ ಊರು ಬೇರೆಲ್ಲಾದರೂ ಇದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದೆ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ 1983ರಿಂದಲೇ ಬಸ್ಸುಗಳಿಗೆ ಪ್ರತ್ಯೇಕ ಹಾದಿಯಿತ್ತು. ಹೊರವಲಯದಲ್ಲಿ ಯಾರ ಅಡ್ಡಿಯೂ ಇಲ್ಲದೆ ಬರುತ್ತಿದ್ದ ಬಸ್ಸುಗಳು ನಗರದ ನಡುವೆ ಆಲ್ಬರ್ಟ್, ಸ್ಲೇಟರ್ ಎಂಬ ಎರಡು ಸಾಮಾನ್ಯ ಬೀದಿಗಳಿಗೆ ಇಳಿಯಬೇಕಿತ್ತು. ದಟ್ಟಣೆಯ ಹೊತ್ತಿನಲ್ಲಿ ಒಂದೊಂದು ದಿಕ್ಕಿಗೆ ಗಂಟೆಗೆ ಸುಮಾರು 180 ಬಸ್ಸು, ಅಂದರೆ ಇಪ್ಪತ್ತು ಸೆಕೆಂಡಿಗೊಂದು. ಸಿಗ್ನಲ್ಲಿನಲ್ಲಿ ಬಸ್ಸಿನ ಬೆನ್ನಿಗೆ ಬಸ್ಸು. ಇನ್ನಷ್ಟು ಸೇರಿಸಿದರೆ ಸಾಲು ಬೆಳೆಯುತ್ತಿತ್ತೇ ಹೊರತು ಹೆಚ್ಚು ಜನ ದಾಟುತ್ತಿರಲಿಲ್ಲ. ಆದ್ದರಿಂದ ನಗರಮಧ್ಯದಲ್ಲಿ 2.5 ಕಿ.ಮೀ. ಸುರಂಗ ಕೊರೆದು, ಒಟ್ಟು 12.5 ಕಿ.ಮೀ. ಮಾರ್ಗದಲ್ಲಿ 2019ರ ಸೆಪ್ಟೆಂಬರ್ 14ರಂದು ರೈಲು ಬಿಟ್ಟರು.

ತೊಡಕು ಕಾಣಿಸಿಕೊಂಡದ್ದು ಆಮೇಲೆ. ಹಳೆಯ ಬಸ್ಸುಗಳನ್ನು ರೈಲಿನ ಜೊತೆಜೊತೆಗೆ ಓಡಿಸಿದ್ದು ಮೂರೇ ವಾರ. ಅವು ನಿಂತ ಬಳಿಕ, ಮನೆಯ ಹತ್ತಿರ ಹತ್ತಿ ಕಚೇರಿಯ ಬಳಿ ಇಳಿಯುತ್ತಿದ್ದವರು ನಡುವೆ ಬಸ್ಸಿಳಿದು ರೈಲು ಹಿಡಿಯಬೇಕಾಯಿತು. ಮುಚ್ಚುತ್ತಿದ್ದ ಬಾಗಿಲನ್ನು ಒಬ್ಬ ಪ್ರಯಾಣಿಕ ಕೈಯಿಂದ ತಡೆದರೂ ಬಾಗಿಲು ಕೆಟ್ಟು ಆ ರೈಲು ನಿಲ್ಲುತ್ತಿತ್ತು. ಅದನ್ನು ದಾಟಿ ಮುಂದೆ ಹೋಗಲು ಹಿಂದಿನ ರೈಲಿಗೆ ದಾರಿಯಿರಲಿಲ್ಲ. 2021ರಲ್ಲಿ ರೈಲು ಎರಡು ಬಾರಿ ಹಳಿ ತಪ್ಪಿತು; ಎರಡನೆಯ ಸಲ ಸಂಚಾರ ಏಳು ವಾರಕ್ಕೂ ಮಿಕ್ಕಿ ಸ್ಥಗಿತವಾಯಿತು. ಪರೀಕ್ಷಾರ್ಥ ಓಡಾಟದ ಮಾನದಂಡವನ್ನು ನಡುವೆಯೇ ಸಡಿಲಿಸಿದ ವಿಷಯವನ್ನು ನಗರ ಪರಿಷತ್ತಿಗೆ ತಿಳಿಸಿರಲಿಲ್ಲವೆಂದು ವಿಚಾರಣಾ ಆಯೋಗ 2022ರ ನವೆಂಬರ್‌ನಲ್ಲಿ ಹೇಳಿತು. ನನಗೆ ಹಳಿ ತಪ್ಪಿದ್ದಕ್ಕಿಂತ ಇದೇ ದೊಡ್ಡ ತಪ್ಪಾಗಿ ಕಾಣುತ್ತದೆ.

ಇನ್ನು ನಿಮ್ಮೂರಿನ ಮಾತು. ಸುಮಾರು 22 ಕಿ.ಮೀ. ಉದ್ದದ ಚಿಗರಿ ಹಾದಿಯ ನಿಲ್ದಾಣಗಳಲ್ಲಿ ನಿಂತ ಬಸ್ಸನ್ನು ಹಿಂದಿನದು ದಾಟಿ ಹೋಗುವಷ್ಟು ಜಾಗವಿದೆ. ತಡೆರಹಿತ ಬಸ್ಸು ಓಡಿಸಲು ಸಾಧ್ಯವಾಗುವುದೇ ಅದರಿಂದ. ಜೋಡಿ ಹಳಿ ಹಾಕಿದರೆ ಆ ಅನುಕೂಲ ಹೋಗುತ್ತದೆ. ಬಸ್ಸಿಗೆ ಬಸ್ಸೇ ಅಡ್ಡಬರುವಷ್ಟು ದಟ್ಟಣೆ ಅಲ್ಲಿ ಇದೆಯೇ ಎಂಬುದನ್ನು ಮೊದಲು ಗಡಿಯಾರ ಹಿಡಿದು ಎಣಿಸಬೇಕು. ಬಸ್ಸು ತುಂಬಿ ತುಳುಕುವುದು, ಎ.ಸಿ. ಕೆಡುವುದು, ಬಾಗಿಲು ಮುಚ್ಚದಿರುವುದು ಎಂಬುದೇ ಜನರ ದೂರು ಆಗಿದ್ದರೆ ಅದಕ್ಕೆ ಹೊಸ ಬಸ್ಸೂ ಒಳ್ಳೆಯ ಡಿಪೋವೂ ಸಾಕು. ಎಣಿಕೆಯೇ ರೈಲು ಬೇಕೆಂದರೆ ಒಪ್ಪೋಣ. ಆದರೆ ಹಳಿ ಹಾಕುವಷ್ಟು ವರ್ಷ ಈ ಬಸ್ಸುಗಳು ಯಾವ ರಸ್ತೆಯಲ್ಲಿ ಓಡಬೇಕು, ರೈಲು ಬಂದ ಮೇಲೆ ಎಷ್ಟು ತಿಂಗಳು ಉಳಿಯಬೇಕು ಎಂಬುದು ಯೋಜನಾ ವರದಿಯಲ್ಲೇ ಬರೆದಿರಬೇಕು.