ನಾನು ಸತ್ತ ಮೇಲೆ ನನ್ನ ಸ್ಟಾಂಪ್ ಸಂಗ್ರಹದ ಗತಿ ಏನು? ಮಕ್ಕಳಿಗೆ ಆಸಕ್ತಿ ಇಲ್ಲ. ಈಗಲೇ ಮಾರಲೇ, ಮ್ಯೂಸಿಯಂಗೆ ಕೊಡಲೇ, ಉಯಿಲಿನಲ್ಲಿ ಅವರಿಗೇ ಬಿಡಲೇ?

ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಬರೆದಿದ್ದೀರಲ್ಲ, ಹತ್ತು ವರ್ಷದ ಹಿಂದೆ ಅಂಥ ಮಗಳು ನಾನೇ. ನಿಮ್ಮದು ಸ್ಟಾಂಪ್, ನಮ್ಮ ಅಮ್ಮನದು ಚಿಪ್ಪು. ಶಂಖ, ಕವಡೆ, ಕಪ್ಪೆಚಿಪ್ಪು, ಉಗುರಿಗಿಂತ ಸಣ್ಣ ಬಸವನಹುಳುವಿನ ಗೂಡು, ಯಾವುದನ್ನೂ ಅವಳು ಬಿಡುತ್ತಿರಲಿಲ್ಲ. ಸಮುದ್ರ ಇಳಿಯುವ ಹೊತ್ತು ನೋಡಿಕೊಂಡು ಬೆಳಗಿನ ಜಾವ ಹೋಗುತ್ತಿದ್ದಳು. ನಾನು ದಡದಲ್ಲಿ ಕೂತು ಯಾವಾಗ ಮನೆಗೆ ಹೋಗುತ್ತೇವೋ ಅಂತ ಕಾಯುತ್ತಿದ್ದೆ.

ಅವಳು ತೀರಿಕೊಂಡು ಎರಡು ತಿಂಗಳಾದ ಮೇಲೆ ನಾನು ಆ ಕಪಾಟು ತೆಗೆದೆ. ಸಾವಿರಕ್ಕೂ ಜಾಸ್ತಿ ಡಬ್ಬಿಗಳಿದ್ದವು. ಬೆಂಕಿಪೊಟ್ಟಣ, ಔಷಧಿ ಶೀಶೆ, ಪ್ಲಾಸ್ಟಿಕ್ ಡಬ್ಬಿ. ಪ್ರತಿಯೊಂದರಲ್ಲೂ ಒಂದು ಚಿಪ್ಪು, ಅದರ ಕೆಳಗೆ ಮಡಿಸಿಟ್ಟ ಒಂದು ಚೀಟಿ. ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ನಂಬರ್. ಅಷ್ಟೇ. ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ.

ನನಗೆ ಅಮ್ಮನ ನೆನಪಿಗೆ ಏನಾದರೂ ಮಾಡಬೇಕಿತ್ತು. ಇಷ್ಟು ಚೆಂದದ ವಸ್ತುಗಳು ಬೆಂಕಿಪೊಟ್ಟಣದಲ್ಲಿ ಯಾಕೆ ಇರಬೇಕು ಅನ್ನಿಸಿತು. ಗಾಜಿನ ಬಾಗಿಲಿನ ಒಂದು ಕಪಾಟು ಮಾಡಿಸಿದೆ. ಚಿಪ್ಪುಗಳನ್ನೆಲ್ಲ ತೊಳೆದು ಒರೆಸಿ, ಬಣ್ಣ ಮತ್ತು ಗಾತ್ರ ನೋಡಿ ಜೋಡಿಸಿದೆ. ಡಬ್ಬಿ, ಚೀಟಿ ಎಲ್ಲವನ್ನೂ ಎರಡು ಚೀಲಕ್ಕೆ ತುಂಬಿ ಕಸಕ್ಕೆ ಹಾಕಿದೆ.

ಈ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಮನೆಯಲ್ಲೂ ಆಗುವುದು ಇದೇ. ನಾನು ಅಸಡ್ಡೆಯಿಂದ ಎಸೆಯಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದೆ. ಅಮ್ಮನ ಕೈಬರಹದ ಒಂದು ವಾಕ್ಯ ಇದ್ದಿದ್ದರೂ ಎತ್ತಿಡುತ್ತಿದ್ದೆ. ಇದ್ದದ್ದು ಬರೀ ಅಂಕಿ. 88. 412. 907. ಬರೀ ಅಂಕಿಯಿಂದ ಯಾರಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಹನ್ನೊಂದು ತಿಂಗಳ ನಂತರ ಟ್ರಂಕಿನಲ್ಲಿ, ಹಳೆ ಬೆಡ್‌ಶೀಟುಗಳ ಕೆಳಗೆ ಒಂದು ದಪ್ಪ ನೋಟ್‌ಬುಕ್ ಸಿಕ್ಕಿತು. 1ರಿಂದ 1,186ರವರೆಗೆ ಪ್ರತಿ ನಂಬರಿಗೂ ನಾಲ್ಕೈದು ಸಾಲು. ಯಾವ ದಡ, ಯಾವ ದಿನ, ಮರಳೋ ಬಂಡೆಯೋ, ನೀರು ಎಷ್ಟು ಇಳಿದಿತ್ತು, ಜೊತೆಗೆ ಯಾರಿದ್ದರು. 412ರಲ್ಲಿ ಹೀಗಿದೆ: ಬಿರುಗಾಳಿಯ ಮರುದಿನ ಬಂಡೆಯ ಅಡಿಯಲ್ಲಿ ಮೂರು ಕವಡೆ ಇದ್ದವು, ಎರಡಕ್ಕೆ ಜೀವ ಇತ್ತು, ಖಾಲಿ ಇದ್ದ ಒಂದನ್ನು ಮಾತ್ರ ತಂದೆ, ಮಗಳಿಗೆ ಜ್ವರ, ಬೇಗ ಹೊರಟೆವು.

ಚಿಪ್ಪು ನನ್ನ ಹತ್ತಿರ ಇದೆ. ನೋಟ್‌ಬುಕ್ ಇದೆ. ಎರಡನ್ನೂ ಸೇರಿಸುತ್ತಿದ್ದ ಆ ಬೆರಳಗಲದ ಕಾಗದ ಇಲ್ಲ.

ಮುಂದೆ ಒಂದು ಮ್ಯೂಸಿಯಂನಿಂದ ಚಿಪ್ಪುಗಳ ಬಗ್ಗೆ ತಿಳಿದವರೊಬ್ಬರು ಮನೆಗೆ ಬಂದರು. ಕಪಾಟನ್ನು ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: ಇವುಗಳ ಚೀಟಿ ಎಲ್ಲಿ? ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಗೊತ್ತಿಲ್ಲದ ಚಿಪ್ಪು ಅವರಿಗೆ ಅಲಂಕಾರದ ಸಾಮಾನು, ಅಷ್ಟೇ. ಗೊತ್ತಿದ್ದರೆ ಅದು ಸಾಕ್ಷಿ. ಆ ವರ್ಷ ಆ ದಡದಲ್ಲಿ ಆ ಪ್ರಾಣಿ ಬದುಕಿತ್ತು ಅನ್ನುವುದಕ್ಕೆ ಸಾಕ್ಷಿ. ದಡವೇ ಬದಲಾಗಿ ಹೋದ ಮೇಲೆ ಬೇರೆ ಸಾಕ್ಷಿ ಎಲ್ಲಿಂದ ತರುವುದು? ಕೆಲವು ದೊಡ್ಡ ಶಂಖಗಳ ಒಳಬಾಯಿಯಲ್ಲಿ ಅಮ್ಮ ಕಪ್ಪು ಶಾಯಿಯಲ್ಲಿ ನಂಬರ್ ಬರೆದಿದ್ದಳು. ಅಂಥವು 26. ಅವನ್ನು ಮಾತ್ರ ಅವರು ತೆಗೆದುಕೊಂಡರು.

ಅವರು ಹೋಗುವಾಗ ನನಗೆ ಸಮಾಧಾನವಾಗಲಿ ಅಂತ ಡಾರ್ವಿನ್ ವಿಷಯ ಹೇಳಿದರು. 1835ರಲ್ಲಿ ಗಲಾಪಗೋಸ್ ದ್ವೀಪಗಳಲ್ಲಿ ಫಿಂಚ್ ಹಕ್ಕಿಗಳನ್ನು ಕೂಡಿಸಿದಾಗ ಯಾವುದು ಯಾವ ದ್ವೀಪದ್ದು ಅಂತ ಅವನು ಸರಿಯಾಗಿ ಬರೆದಿಡಲಿಲ್ಲ. 1837ರಲ್ಲಿ ಹಕ್ಕಿತಜ್ಞ ಜಾನ್ ಗೂಲ್ಡ್ ಅವೆಲ್ಲ ಬೇರೆ ಬೇರೆ ಜಾತಿಗಳು ಎಂದಾಗ, ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಇತರರು ದ್ವೀಪದ ಹೆಸರು ಬರೆದಿಟ್ಟಿದ್ದ ಹಕ್ಕಿಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಚಿಪ್ಪಿನವರ ನಡುವೆ ಇನ್ನೊಂದು ಕಥೆ ಇದೆ. ಹ್ಯೂ ಕಮಿಂಗ್ 19ನೇ ಶತಮಾನದ ದೊಡ್ಡ ಚಿಪ್ಪು ಸಂಗ್ರಹಕಾರ. 1865ರಲ್ಲಿ ಅವನು ತೀರಿಕೊಂಡ ಮೇಲೆ ಸುಮಾರು 83,000 ಮಾದರಿಗಳು ಬ್ರಿಟಿಷ್ ಮ್ಯೂಸಿಯಂಗೆ ಹೋದವು. ತಟ್ಟೆಗಳನ್ನು ತೆರೆದ ಅಂಗಳದಲ್ಲಿ ಸಾಗಿಸುವಾಗ ಗಾಳಿಗೆ ಚೀಟಿಗಳು ಹಾರಿಹೋದವಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾರಲೇ, ಕೊಡಲೇ, ಬಿಡಲೇ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅದು ಮೊದಲ ಪ್ರಶ್ನೆಯೇ ಅಲ್ಲ. ನಿಮ್ಮ ಸಂಗ್ರಹದ ಅರ್ಧ ಭಾಗ ಆಲ್ಬಮ್‌ನಲ್ಲಿದೆ, ಇನ್ನರ್ಧ ನಿಮ್ಮ ತಲೆಯಲ್ಲಿದೆ. ತಲೆಯಲ್ಲಿರುವುದನ್ನು ಹೊರಗೆ ತೆಗೆಯದೆ ಯಾರಿಗೆ ಕೊಟ್ಟರೂ ನೀವು ಕೊಡುವುದು ಅರ್ಧವನ್ನೇ. ಮೊದಲು ಬೆಲೆ ಕಟ್ಟಿಸಿ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲು ಬರೆಯಿರಿ.

ಸ್ಟಾಂಪಿನ ಮೇಲೆ ಅಂತೂ ಬರೆಯುವ ಹಾಗಿಲ್ಲ. ಆಲ್ಬಮ್‌ನ ಪ್ರತಿ ಪುಟಕ್ಕೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಒಂದು ಪುಸ್ತಕದಲ್ಲಿ ವಿವರ ಬರೆಯಿರಿ. ಅಮ್ಮ ಮಾಡಿದ್ದು ಇಷ್ಟನ್ನೇ, ಅಲ್ವಾ? ಅವಳು ಮಾಡದೆ ಬಿಟ್ಟದ್ದು ಇನ್ನೊಂದು: ಈ ನಂಬರಿಗೂ ಆ ಪುಸ್ತಕಕ್ಕೂ ಸಂಬಂಧ ಇದೆ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅದನ್ನು ಮೊದಲ ಆಲ್ಬಮ್‌ನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಪುಸ್ತಕ ಎಲ್ಲಿದೆ ಅಂತಲೂ ಬರೆಯಿರಿ. ಪುಟಗಳ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ಅವರು ನೋಡದಿದ್ದರೂ ಪರವಾಗಿಲ್ಲ, ಫೋಟೋ ಅಲ್ಲಿ ಇರಲಿ.

ಏನು ಮಾಡಬಾರದು ಅನ್ನುವುದನ್ನೂ ಬರೆಯಬೇಕು. ಇದನ್ನು ಯಾರೂ ಬರೆಯುವುದಿಲ್ಲ, ಯಾಕಂದರೆ ಸಂಗ್ರಹ ಮಾಡುವವರಿಗೆ ಅದು ಉಸಿರಾಟದಷ್ಟು ಸಹಜ. ನಾನು ಮಾಡಿಸಿದ ಕಪಾಟು ಪ್ಲೈವುಡ್‌ದು. ಎರಡು ವರ್ಷದಲ್ಲಿ ಕವಡೆಗಳ ಹೊಳಪು ಹೋಗಿ ಮೇಲೆ ಹಿಟ್ಟಿನಂಥ ಬಿಳಿ ಪುಡಿ ಬಂತು. ಚಿಪ್ಪಿನವರು ಇದನ್ನು ಬೈನ್ಸ್ ಡಿಸೀಸ್ ಅನ್ನುತ್ತಾರೆ. 1899ರಲ್ಲಿ ಇದರ ಬಗ್ಗೆ ಬರೆದ ಲಾಫ್ಟಸ್ ಬೈನ್ ಇದು ಬ್ಯಾಕ್ಟೀರಿಯಾದ ಕೆಲಸ ಅಂದುಕೊಂಡಿದ್ದ. ನಿಜದಲ್ಲಿ ಓಕ್ ಮರ, ಪ್ಲೈವುಡ್‌ನಂಥವು ಬಿಡುವ ಆಮ್ಲದ ಆವಿ, ಮುಚ್ಚಿದ ಜಾಗದ ತೇವದಲ್ಲಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ಅಮ್ಮನ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಎರಡೇ ಪದ ಇದ್ದವು: ಪ್ಲೈವುಡ್ ಬೇಡ.

ನಮ್ಮ ಮನೆಯಲ್ಲಿ ಪ್ಲೈವುಡ್ ಮಾಡಿದ ಹಾನಿಯನ್ನು ನಿಮ್ಮ ಮನೆಯಲ್ಲಿ ನೀರು ಮಾಡುತ್ತದೆ. ಹಳೆ ಲಕೋಟೆಯ ಮೇಲೆ ಇರುವ ಸ್ಟಾಂಪನ್ನು ಚೊಕ್ಕ ಮಾಡೋಣ ಅಂತ ಯಾರೋ ನೀರಲ್ಲಿ ನೆನೆಸಿ ಬಿಡಿಸುತ್ತಾರೆ. ಲಕೋಟೆ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಹೋಯಿತು ಅನ್ನುವ ಮುದ್ರೆಗಳೆಲ್ಲ ಅಲ್ಲಿಗೆ ಮುಗಿಯಿತು. ಬಳಸದ ಸ್ಟಾಂಪ್ ನೆನೆಸಿದರೆ ಹಿಂದಿನ ಅಂಟು ಹೋಗುತ್ತದೆ. ಇದು ನಿಮಗೆ ಗೊತ್ತು, ನಿಮ್ಮ ಮಕ್ಕಳಿಗೆ ಗೊತ್ತಾ?

ಉಯಿಲು ಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಥಾಮಸ್ ಟ್ಯಾಪ್ಲಿಂಗ್ 1891ರಲ್ಲಿ ಸತ್ತಾಗ ತನ್ನ ಸ್ಟಾಂಪುಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಬರೆದಿಟ್ಟ. ಅದು ನಡೆಯಿತು, ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪ್ಯಾರಿಸ್‌ನಲ್ಲಿದ್ದ ಫಿಲಿಪ್ ಫೆರಾರಿ ಅದಕ್ಕಿಂತ ದೊಡ್ಡ ಸಂಗ್ರಹವನ್ನು ಬರ್ಲಿನ್‌ನ ಅಂಚೆ ಮ್ಯೂಸಿಯಂಗೆ ಬರೆದಿಟ್ಟ. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ ತೀರಿಕೊಂಡ. ಫ್ರಾನ್ಸ್ ಸರ್ಕಾರ ಅದನ್ನು ಶತ್ರುವಿನ ಆಸ್ತಿ ಎಂದು ವಶಪಡಿಸಿಕೊಂಡು, 1921ರಿಂದ 14 ಹರಾಜುಗಳಲ್ಲಿ ಮಾರಿತು. ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವ, ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮಜೆಂಟಾ ಸ್ಟಾಂಪ್ ಕೂಡ ಹಾಗೇ ಹೋಯಿತು. ಆದ್ದರಿಂದ ಮ್ಯೂಸಿಯಂ ಮನಸ್ಸಿನಲ್ಲಿದ್ದರೆ ಬದುಕಿರುವಾಗಲೇ ಹೋಗಿ ಕೇಳಿ. ಬೇಡ ಅಂತಲೂ ಅನ್ನಬಹುದು, ಜಾಗ ಇರುವುದಿಲ್ಲ. ಬೇಕು ಅಂದರೆ ಏನೇನು ಬೇಕು ಅಂತ ಬರೆಸಿಕೊಳ್ಳಿ, ಆದರೆ ಎಲ್ಲವನ್ನೂ ಒಟ್ಟಿಗೆ ಇಡಿ, ಸದಾ ಪ್ರದರ್ಶನಕ್ಕಿಡಿ ಅಂತ ಷರತ್ತು ಹಾಕಬೇಡಿ. ಅಂಥ ಷರತ್ತಿಗೆ ಹೆದರಿ ಬೇಡ ಅನ್ನುವವರೇ ಜಾಸ್ತಿ.

ಮಕ್ಕಳ ಮೇಲಂತೂ 'ಇದನ್ನು ಎಂದೂ ಮಾರಬಾರದು' ಅನ್ನುವ ಮಾತು ಹೇರಲೇಬೇಡಿ. ಅದು ದೊಡ್ಡ ಭಾರ. ಅಮ್ಮ ಹಾಗೆ ಹೇಳಿರಲಿಲ್ಲ, ಆದರೂ ಒಂದು ಚಿಪ್ಪು ಮುರಿದರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಬದಲಿಗೆ ಸತ್ಯ ಹೇಳಿ. ಇದರಲ್ಲಿ ಹೆಚ್ಚಿನವು ಸಾಮಾನ್ಯ ಸ್ಟಾಂಪುಗಳು, ದೊಡ್ಡ ಹಣ ಬರುವುದಿಲ್ಲ, ಈ ಹತ್ತು ಮಾತ್ರ ತಿಳಿದವರಿಗೆ ತೋರಿಸದೆ ಕೊಡಬೇಡ ಅಂತ ಹೇಳಿ. ನಿಮ್ಮ ನಂಬಿಕೆಯ ಒಬ್ಬ ಸಂಗ್ರಹಕಾರ ಗೆಳೆಯನ ಹೆಸರು, ಫೋನ್ ನಂಬರ್ ಬರೆದಿಡಿ. ದುಃಖದಲ್ಲಿರುವ ಮನೆಗೆ ಮೊದಲು ಬಂದು ಒಟ್ಟಿಗೆ ಕೊಂಡುಕೊಳ್ಳುತ್ತೇನೆ ಅನ್ನುವವನಿಗೆ ಅವರು ಹೂಂ ಅನ್ನದಿರಲು ಅದೊಂದೇ ದಾರಿ.

ಇದನ್ನು ಓದುವ ಚಿಪ್ಪಿನವರಿಗೆ ಒಂದು ಮಾತು: ದೈತ್ಯ ಕಪ್ಪೆಚಿಪ್ಪು, ಕ್ವೀನ್ ಕಾಂಚ್, ನಾಟಿಲಸ್ ಇವೆಲ್ಲ ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಅಪಾಯದಲ್ಲಿರುವ ಜೀವಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಯಲ್ಲಿ. ಬೇರೆ ದೇಶದಲ್ಲಿರುವ ಮಗನಿಗೆ ಸುಮ್ನೆ ಪಾರ್ಸಲ್ ಮಾಡುವ ಹಾಗಿಲ್ಲ, ಪರವಾನಗಿ ಬೇಕು. ಯಾವಾಗ, ಹೇಗೆ ಸಿಕ್ಕಿತು ಅನ್ನುವ ದಾಖಲೆ ಅಲ್ಲಿಯೂ ಬೇಕಾಗುತ್ತದೆ.

ಆಸಕ್ತಿ ಇಲ್ಲ ಅಂದಿರಲ್ಲ, ಅದನ್ನೂ ಪೂರ್ತಿ ನಂಬಬೇಡಿ. ನನಗೆ ಚಿಪ್ಪಿನಲ್ಲಿ ಆಸಕ್ತಿ ಇರಲಿಲ್ಲ. 'ಮಗಳಿಗೆ ಜ್ವರ, ಬೇಗ ಹೊರಟೆವು' ಅನ್ನುವ ಸಾಲಿನಲ್ಲಿ ಇತ್ತು. ಅಂಥ ಸಾಲುಗಳನ್ನು ನೀವೂ ಬರೆಯಿರಿ. ಈ ಸ್ಟಾಂಪ್ ಯಾರ ಕಾಗದದಿಂದ ಬಂತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ.

ನಾನು ಈಗ ಭಾನುವಾರಗಳಲ್ಲಿ ಅಳತೆಪಟ್ಟಿ, ಭೂತಕನ್ನಡಿ ಇಟ್ಟುಕೊಂಡು ನೋಟ್‌ಬುಕ್ಕಿನ ವಿವರಕ್ಕೆ ಚಿಪ್ಪು ಹೊಂದಿಸುತ್ತಿದ್ದೇನೆ. ಇಲ್ಲಿಯವರೆಗೆ 61 ಸಿಕ್ಕಿವೆ. 412 ಖಚಿತವಾಗಿಲ್ಲ. ಮೂರು ಕವಡೆಗಳ ಮೇಲೆ ಅನುಮಾನ ಇದೆ. ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಪ್ರತಿಯೊಂದರ ಕೆಳಗೂ '412 ಇರಬಹುದು' ಅಂತ ಚೀಟಿ ಬರೆದಿಟ್ಟಿದ್ದೇನೆ.