ಎನ್‌ಸಿಎಂಸಿ ಕಾರ್ಡಿಗೆ (ಬೇರೆ ಬೇರೆ ಊರಿನ ಮೆಟ್ರೋ, ಬಸ್ಸಿಗೆ ಒಂದೇ ಅಂತ ಮಾಡಿರೋ ಕಾರ್ಡು) ಫೋನಲ್ಲೇ ದುಡ್ಡು ಹಾಕಿದ್ರೂ ಮೆಟ್ರೋ ಗೇಟು ಯಾಕೆ ತೆಗಿಯಲ್ಲ?

ಯಾಕಂದ್ರೆ ಗೇಟು ನೋಡೋದು ಬ್ಯಾಂಕಿನ ಲೆಕ್ಕ ಅಲ್ಲ, ಕಾರ್ಡಿನ ಚಿಪ್ಪಲ್ಲಿ ಬರೆದಿರೋ ಬ್ಯಾಲೆನ್ಸು. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಹಿಂದೆ ಅಷ್ಟುದ್ದ ಕ್ಯೂ ಇರುವಾಗ ಪ್ರತಿಯೊಬ್ಬರಿಗೂ ಸರ್ವರ್ ಕೇಳ್ಕೊಂಡು ಕೂತ್ರೆ, ಅದೂ ನೆಲದಡಿ ನೆಟ್‌ವರ್ಕ್ ಕೈಕೊಟ್ರೆ ಜನ ಅಲ್ಲೇ ಸಿಕ್ಕಾಕ್ಕೊಳ್ತಾರೆ, ಅದಕ್ಕೇ 2019ರಲ್ಲಿ ಬಂದ ಈ ಕಾರ್ಡಲ್ಲಿ ಪ್ರಯಾಣದ ದುಡ್ಡು ಚಿಪ್ಪೊಳಗೇ ಇರತ್ತೆ, ಹೊರಗೆ ಬರೋ ಗೇಟು ಅದನ್ನ ಓದಿ, ಚಾರ್ಜ್ ಕಳೆದು, ಉಳಿದಿದ್ದನ್ನ ವಾಪಸ್ ಬರಿಯತ್ತೆ. ಕಾರ್ಡಲ್ಲಿ ಬ್ಯಾಟರಿ ಇಲ್ಲ, ಒಳಗಿರೋ ಸಣ್ಣ ತಂತಿ ಸುರುಳಿ ರೀಡರ್ ಹತ್ರ ಬಂದಾಗಷ್ಟೇ ಚಿಪ್ಪಿಗೆ ಕರೆಂಟು ಸಿಗೋದು, ಹಾಗಾಗಿ ಆನ್‌ಲೈನಲ್ಲಿ ಹಾಕಿದ ದುಡ್ಡು ತಾನಾಗೇ ಅಲ್ಲಿಗೆ ಹೋಗಲ್ಲ. ಸ್ಟೇಷನ್ ಕೌಂಟರಲ್ಲಿ ಕಾರ್ಡ್ ಕೊಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸ್ಕೊಳ್ಳಿ, ದಯವಿಟ್ಟು ಮಧ್ಯದಲ್ಲಿ ಕಾರ್ಡ್ ಎತ್ತಬೇಡಿ, ಬರೆಯೋದು ಅರ್ಧಕ್ಕೇ ನಿಂತುಬಿಡತ್ತೆ.